ಅಮಾನತ್ತು: ಪದವೊಂದು, ಅರ್ಥವೆರಡು



ಪತ್ರಿಕೆಯಲ್ಲಿ “ಅಧಿಕಾರಿ ಅಮಾನತು” ಎಂದು ಓದುತ್ತೇವೆ. ನಮ್ಮ ಬುಕ್ಕಸಾಗರದಲ್ಲಿ ಉರ್ದು ಮಾತನಾಡುವ ಮನೆಗಳಲ್ಲಿ ಅಮಾನತ್ ಎಂದರೆ ನಂಬಿ ಒಪ್ಪಿಸಿದ ವಸ್ತು. ಎರಡೂ ಒಂದೇ ಪದ, ಮೂಲ ಅರಬಿ. ಅಲಿಫ್, ಮೀಮ್, ನೂನ್ ಎಂಬ ಮೂರು ಅಕ್ಷರಗಳಿಂದಲೇ ಈಮಾನ್ (ವಿಶ್ವಾಸ), ಅಮೀನ್ (ನಂಬಿಕಸ್ಥ) ಪದಗಳೂ ಹುಟ್ಟಿವೆ. ನ್ಯಾಯಾಲಯದ ನೋಟೀಸು ತರುವ ಅಮೀನನೂ ಇದೇ ಕುಟುಂಬದವನು. ತುರ್ಕಿಯಲ್ಲಿ ಎಮಾನೆತ್, ಸ್ವಾಹಿಲಿಯಲ್ಲಿ ಅಮಾನಾ ಎಂದರೂ ಕಾಪಾಡಲು ಒಪ್ಪಿಸಿದ್ದು ಎಂದೇ ಅರ್ಥ. ಕನ್ನಡದಲ್ಲಿ ಠೇವಣಿಯ ಜೊತೆಗೆ, ತೀರ್ಮಾನವಾಗುವ ತನಕ ತಡೆಹಿಡಿಯುವುದೂ ಅಮಾನತ್ತಾಯಿತು. ಅಮಾನತಾದವನ ನೌಕರಿ ಹೋಗಿಲ್ಲ, ತಡೆದಿಟ್ಟಿದೆ ಅಷ್ಟೆ.

ಪ್ರವಾದಿ(ಸ)ಯವರನ್ನು ಮಕ್ಕಾದ ಜನ ಅಲ್-ಅಮೀನ್ ಎನ್ನುತ್ತಿದ್ದರು. ಕ್ರಿ.ಶ. 622ರಲ್ಲಿ ಮದೀನಕ್ಕೆ ಹಿಜ್ರತ್ ಹೊರಟಾಗ, ತಮ್ಮಲ್ಲಿದ್ದ ಜನರ ಅಮಾನತ್ತುಗಳನ್ನು ಮರಳಿಸಲೆಂದು ಹಝ್ರತ್ ಅಲಿ(ರ)ಯವರನ್ನು ಮಕ್ಕಾದಲ್ಲೇ ಉಳಿಸಿದರು. ಪ್ರಾಣಾಪಾಯದ ಹೊತ್ತಿನಲ್ಲೂ ಆ ಹೊಣೆ ಮರೆಯಲಿಲ್ಲ.

“ಜೋಪಾನವಾಗಿಡುತ್ತೇವೆ” ಎಂದು ಪಡೆದ ಸೊಸೆಯ ಒಡವೆಯೂ ಅಮಾನತ್ತೇ. ಅವಳು ಕೇಳಿದಾಗ “ಈಗೇನು ಅವಸರ?” ಎಂದರೆ, ಮನೆಯ ಅಮಾನತ್ತು ಕಚೇರಿಯ ಅಮಾನತ್ತಾಗಿಬಿಡುತ್ತದೆ. ನಿಮ್ಮ ಕಪಾಟಿನಲ್ಲಿ ಇನ್ನೊಬ್ಬರದು ಏನಾದರೂ ಇದೆಯೇ? ಅವರು ಎರಡನೆಯ ಸಲ ಕೇಳುವಂತೆ ಮಾಡಬೇಡಿ.