ಕೊಲೆಗಾರನ ಗುಟ್ಟು ದನಿಯಲ್ಲೇ ರಟ್ಟಾದರೆ?

ನಮ್ಮಜ್ಜ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಅಭಿಮಾನಿ. ಈಗ ದೃಷ್ಟಿ ಮಂಜಾಗಿದೆ, ಪುಸ್ತಕ ಓದಲಾಗದು. ಹಾಗಾಗಿ ಮನೆಯಲ್ಲಿದ್ದ ಹಳೆಯದೊಂದು ಪತ್ತೇದಾರಿ ಕಾದಂಬರಿಯನ್ನು ಹಾಸ್ಟೆಲ್‌ಗೆ ತಂದು, ದಿನಕ್ಕೊಂದು ಅಧ್ಯಾಯ ಮೊಬೈಲ್‌ನಲ್ಲಿ ಓದಿ ವಾಟ್ಸ್‌ಆ್ಯಪ್ ಮಾಡತೊಡಗಿದೆ. ಮೂರನೇ ಅಧ್ಯಾಯಕ್ಕೇ ಫೋನ್ ಬಂತು. ‘ಆ ಮ್ಯಾನೇಜರೇ ಕಣೋ ಕೊಂದಿದ್ದು. ನೀನೇ ಹೇಳಿಬಿಟ್ಟೆಯಲ್ಲ!’

ನಿಜ. ಅವನ ಮಾತು ಬಂದಾಗಲೆಲ್ಲ ನಾನು ದನಿ ತಗ್ಗಿಸಿ, ಹಲ್ಲು ಕಚ್ಚಿ ಓದಿದ್ದೆ. ಇನ್ನೂ ಹತ್ತು ಅಧ್ಯಾಯ ಬಾಕಿ ಇತ್ತು.

ಅಂದಿನಿಂದ ಕ್ರೈಂ ಆಡಿಯೊಬುಕ್‌ಗಳನ್ನು ಬೇರೆಯೇ ಕಿವಿಯಿಂದ ಕೇಳುತ್ತಿದ್ದೇನೆ. ಕೆಲವರು ಸುಳಿವು ಬಂದ ಕೂಡಲೇ ಉಸಿರು ಬಿಗಿಹಿಡಿಯುತ್ತಾರೆ, ಹಿಂದಿನಿಂದ ‘ಧಡ್’ ಅಂತ ಸಂಗೀತ ಬೇರೆ. ಪುಸ್ತಕದಲ್ಲಿ ಸುಳಿವು ಉಳಿದ ಸಾಲುಗಳಷ್ಟೇ ದಪ್ಪದ ಅಕ್ಷರದಲ್ಲಿ ಇರುತ್ತದೆ. ಸಿಗ್ನಲ್ಸ್ ಕ್ಲಾಸಿನ ಭಾಷೆಯಲ್ಲಿ ಹೇಳುವುದಾದರೆ, ಲೇಖಕ ಗದ್ದಲದ ನಡುವೆ ಅಡಗಿಸಿಟ್ಟ ಸಿಗ್ನಲ್ ಅದು. ಅದನ್ನು ಆಂಪ್ಲಿಫೈ ಮಾಡುವುದು ಓದುವವರ ಕೆಲಸವಲ್ಲ. ಪತ್ತೇದಾರಿ ಕಥೆ ಓದುವವರಿಗೆ ನಟನೆಗಿಂತ ಮೊದಲು ಗುಟ್ಟು ಕಾಯುವುದು ಗೊತ್ತಿರಬೇಕು ಎಂಬುದು ನನ್ನ ವಾದ.

ಇದು ಎಷ್ಟು ಕಷ್ಟ ಎನ್ನುವುದಕ್ಕೆ ಕಾನನ್ ಡಾಯ್ಲ್ 1891ರಲ್ಲಿ ಬರೆದ ‘ಎ ಸ್ಕ್ಯಾಂಡಲ್ ಇನ್ ಬೊಹೀಮಿಯಾ’ ನೋಡಿ. (ಇಷ್ಟು ಹಳೆಯ ಕಥೆಯ ಗುಟ್ಟು ಹೇಳಿದರೆ ತಪ್ಪಿಲ್ಲ ಅಂದುಕೊಂಡಿದ್ದೇನೆ.) ಬೇಕರ್ ಸ್ಟ್ರೀಟಿನ ಮನೆ ಬಾಗಿಲಲ್ಲಿ ಯಾರೋ ಹೋಮ್ಸ್‌ಗೆ ಶುಭರಾತ್ರಿ ಹೇಳಿ ಹೋಗುತ್ತಾರೆ. ಆ ದನಿ ಎಲ್ಲೋ ಕೇಳಿದ್ದು ಅನ್ನಿಸಿದರೂ ಅವನಿಗೆ ಗುರುತು ಹತ್ತುವುದಿಲ್ಲ. ಅದು ಗಂಡುವೇಷದ ಐರೀನ್ ಆ್ಯಡ್ಲರ್. ಇದೇ ಕಥೆಯಲ್ಲಿ ಸ್ವಲ್ಪ ಮೊದಲು ಆಕೆಯ ಮಾತನ್ನು ನಾವೂ ಕೇಳಿರುತ್ತೇವೆ. ಓದುವವರು ಅದೇ ದನಿ ಕೊಟ್ಟರೆ ಗುಟ್ಟು ರಟ್ಟು, ಪೂರ್ತಿ ಬೇರೆ ದನಿ ಕೊಟ್ಟರೆ ಕೇಳುಗನಿಗೆ ಮೋಸ. ಒಂದೇ ಒಂದು ಸಾಲು, ಅದರಲ್ಲಿ ಎರಡರ ನಡುವಿನ ದನಿ ಹುಡುಕಬೇಕು!

‘ಆ್ಯಪ್‌ಗೆ ಹಾಕಿದರೆ ಅದೇ ಓದುತ್ತಪ್ಪ, ಯಾಕೆ ಒದ್ದಾಡ್ತೀಯ’ ಎನ್ನುತ್ತಾನೆ ರೂಮ್‌ಮೇಟ್. ಯಂತ್ರ ಗುಟ್ಟು ಬಿಟ್ಟುಕೊಡುವುದಿಲ್ಲ, ನಿಜ. ಅದಕ್ಕೆ ಗುಟ್ಟೇ ಗೊತ್ತಿರುವುದಿಲ್ಲವಲ್ಲ! ಆದರೆ ಕೇಳುವವರು ಪುಟ ತಿರುವಿ ಹಿಂದಕ್ಕೆ ನೋಡಲಾರರು. ರಾಜಶೇಖರ, ಚಂದ್ರಶೇಖರ ಇಬ್ಬರೂ ಒಂದೇ ಕೋಣೆಯಲ್ಲಿದ್ದರೆ ಯಾರು ಯಾರೆಂದು ಕಿವಿಗೆ ತಿಳಿಯಬೇಕು, ಸುಳಿವು ಹಗುರವಾಗಿಯೇ ಆದರೂ ಸ್ಪಷ್ಟವಾಗಿ ತಲುಪಬೇಕು. ಅದಕ್ಕೆ ಕೊನೆಯ ಪುಟದವರೆಗೆ ಓದಿ, ಏನೂ ತಿಳಿಯದವರಂತೆ ಮೊದಲ ಪುಟ ಶುರುಮಾಡುವ ಮನುಷ್ಯರೇ ಬೇಕು. ಕನ್ನಡದಲ್ಲಿ ಆಡಿಯೊಬುಕ್ ಮಾಡಿಸುವವರು ದನಿ ಚೆನ್ನಾಗಿದೆಯೇ ಎಂದು ನೋಡಿದರೆ ಸಾಲದು. ಇಡೀ ಪುಸ್ತಕ ಒಮ್ಮೆ ಓದಿಕೊಳ್ಳಲು ಸಮಯ ಕೊಡಬೇಕು, ಆ ಸಮಯಕ್ಕೂ ದುಡ್ಡು ಕೊಡಬೇಕು.

ಈಗ ಅಜ್ಜನಿಗೆ ಎರಡನೇ ಕಾದಂಬರಿ ಓದುತ್ತಿದ್ದೇನೆ, ಸಪ್ಪೆ ದನಿಯಲ್ಲಿ. ಏಳು ಅಧ್ಯಾಯ ಮುಗಿದಿದೆ. ಅಜ್ಜನ ಅನುಮಾನ ಅಡುಗೆಯವಳ ಮೇಲೆ. ‘ಹೌದೇನೋ?’ ಎಂದು ದಿನಾ ಫೋನ್ ಮಾಡುತ್ತಾರೆ. ನಾಳೆ ಇಂಟರ್ನಲ್ಸ್ ಇದೆ ಅಂತ ಹೇಳಿ ತಪ್ಪಿಸಿಕೊಳ್ಳುತ್ತಿದ್ದೇನೆ.