ಯಾವ ಲಾಂಗ್ವೇಜ್ ಮೇಲು? ಮೊದಲು ಲೆಕ್ಕ ತೋರಿಸಿ

ನಮ್ಮ ಹಾಸ್ಟೆಲ್‌ನಲ್ಲಿ ರಾತ್ರಿ ಊಟ ಆದ್ಮೇಲೆ ಎರಡೇ ಜಗಳ. ಒಂದು ಕ್ರಿಕೆಟ್, ಇನ್ನೊಂದು ಜಾವಾ ಮೇಲೋ ಪೈಥಾನ್ ಮೇಲೋ ಅನ್ನೋದು. ಎರಡರಲ್ಲೂ ಜೋರಾಗಿ ಕೂಗಿದವನೇ ಗೆಲ್ಲೋದು. ಕ್ರಿಕೆಟ್‌ಗಾದರೂ ಸ್ಕೋರ್‌ಕಾರ್ಡ್ ಇರುತ್ತೆ. ಲಾಂಗ್ವೇಜ್ ವಿಷಯಕ್ಕೆ ನಮ್ಮ ಹತ್ರ ಏನಿದೆ? ಸೀನಿಯರ್ ಹೇಳಿದ್ರು, ಯೂಟ್ಯೂಬಲ್ಲಿ ನೋಡಿದ್ವಿ, ಅಷ್ಟೇ.

ಈ ಜಗಳಕ್ಕೂ ಸ್ಕೋರ್‌ಕಾರ್ಡ್ ಬರೆಯೋಕೆ ಹೊರಟವರಿದ್ದಾರೆ. 2014ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್ಸಿನ ಸಂಶೋಧಕರು ಗಿಟ್‌ಹಬ್‌ನ 729 ಪ್ರಾಜೆಕ್ಟ್, 17 ಲಾಂಗ್ವೇಜ್ ತಗೊಂಡು, ಯಾವುದರಲ್ಲಿ ಬಗ್ ಹೆಚ್ಚು ಅಂತ ಲೆಕ್ಕ ಹಾಕಿದರು. ಲಾಂಗ್ವೇಜ್‌ಗೂ ಬಗ್‌ಗೂ ಸಂಬಂಧ ಇದೆ, ಆದರೆ ಅದು ಚಿಕ್ಕದು ಅಂತ ಅವರೇ ಬರೆದಿದ್ದರು. ಓದಿದ ಎಷ್ಟೋ ಜನ 'ಆದರೆ' ಬಿಟ್ಟು ಮೊದಲರ್ಧ ಹಿಡ್ಕೊಂಡರು.

2019ರಲ್ಲಿ ಎಮೆರಿ ಬರ್ಗರ್, ಯಾನ್ ವಿಟೆಕ್ ಮೊದಲಾದವರ ತಂಡ ಅದೇ ಲೆಕ್ಕವನ್ನು ಮತ್ತೆ ಹಾಕಿ ನೋಡಿತು. ಟೈಪ್‌ಸ್ಕ್ರಿಪ್ಟ್ ಅಂತ ಎಣಿಸಿದ್ದ ಎಷ್ಟೋ ಫೈಲ್‌ಗಳು ಟೈಪ್‌ಸ್ಕ್ರಿಪ್ಟೇ ಅಲ್ಲ, ಅನುವಾದದ ಫೈಲ್‌ಗಳು. ಎರಡರ ಬಾಲವೂ 'ಡಾಟ್ ಟಿಎಸ್', ಅದಕ್ಕೇ ಎಡವಟ್ಟು. ಕಮಿಟ್ ಮೆಸೇಜ್‌ನಲ್ಲಿ 'ಫಿಕ್ಸ್' ಕಂಡರೆ ಬಗ್ ಅಂತ ಎಣಿಕೆ. ಹಾಗಾಗಿ 'ಇನ್‌ಫಿಕ್ಸ್' ಅಂತ ಬರೆದವನೂ ಸಿಕ್ಕಿಬಿದ್ದ! ಮನುಷ್ಯರೇ ಕೂತು ಒಂದಷ್ಟು ಕಮಿಟ್ ಪರಿಶೀಲಿಸಿದಾಗ, ಬಗ್ ಅಂತ ಗುರುತಾಗಿದ್ದವುಗಳಲ್ಲಿ ಶೇ. 36ರಷ್ಟಕ್ಕೆ ಬಗ್‌ನ ಸಂಬಂಧವೇ ಇರಲಿಲ್ಲ. ಕೊನೆಗೆ ಉಳಿದದ್ದು ನಾಲ್ಕೇ ಲಾಂಗ್ವೇಜ್‌ಗಳ ಸಂಬಂಧ, ಅದೂ ತೀರಾ ಸಣ್ಣದು.

ಇದನ್ನು ಓದಿ 'ರಿಸರ್ಚೆಲ್ಲ ಬರೀ ಬೊಗಳೆ' ಅನ್ನೋದು ಸುಲಭ. ನಮಗೆ ಹಾಗನ್ನಿಸಲಿಲ್ಲ. ಮೊದಲ ತಂಡ ತನ್ನ ಡೇಟಾ ಕೊಟ್ಟಿದ್ದರಿಂದಲೇ ಎರಡನೇ ತಂಡಕ್ಕೆ ತಪ್ಪು ಸಿಕ್ಕಿದ್ದು. ನಮ್ಮ ಕೆಲಸವನ್ನು ಹಾಗೆ ಯಾರಾದರೂ ತೆರೆದು ನೋಡಿದರೆ?

ಕಳೆದ ಸೆಮ್‌ನ ಮಿನಿ ಪ್ರಾಜೆಕ್ಟ್ ರಿಪೋರ್ಟ್‌ನಲ್ಲಿ ನಾವು ನಾಲ್ಕು ಜನ 'ನಮ್ಮ ವಿಧಾನ ಶೇ. 30ರಷ್ಟು ವೇಗ' ಅಂತ ಬರೆದ್ವಿ. ಅಳೆದೇ ಇರಲಿಲ್ಲ. 30 ಯಾಕೆ ಅಂದ್ರೆ, 80 ಅಂದ್ರೆ ಯಾರೂ ನಂಬಲ್ಲ, 5 ಅಂದ್ರೆ ಮಾರ್ಕ್ಸ್ ಬರಲ್ಲ. ವೈವಾದಲ್ಲಿ ಯಾರೂ ಕೇಳಲಿಲ್ಲ. ಮಾರ್ಕ್ಸೂ ಚೆನ್ನಾಗೇ ಬಂತು. ಈಗ ಜೂನಿಯರ್ಸ್ ಅದೇ ರಿಪೋರ್ಟ್ ಕೇಳ್ತಿದ್ದಾರೆ. ಹಾಗೇ ಕೊಟ್ಟರೆ ನಮ್ಮ ಸುಳ್ಳು ಅವರ ರಿಪೋರ್ಟ್‌ನಲ್ಲಿ ರೆಫರೆನ್ಸ್ ಆಗುತ್ತೆ.

ಕೊಡ್ತೀವಿ. ಆದರೆ ಮೊದಲು ಹಳೇ ಕೋಡ್, ಹೊಸ ಕೋಡ್ ಎರಡನ್ನೂ ಒಂದೇ ಲ್ಯಾಪ್‌ಟಾಪಲ್ಲಿ, ಒಂದೇ ಇನ್‌ಪುಟ್‌ಗೆ ಹತ್ತತ್ತು ಸಲ ಓಡಿಸಿ, ಬಂದಿದ್ದನ್ನು ಬರೆದು ಕೊಡ್ತೀವಿ. ನಮ್ಮದೇ ನಿಧಾನ ಅಂತ ಬಂದರೂ ಸರಿ.

ನಮ್ಮ ವಿಭಾಗಗಳಲ್ಲಿ ಒಂದು ವಿನಂತಿ: ಪ್ರತಿ ರಿಪೋರ್ಟ್‌ಗೂ 'ಹೇಗೆ ಅಳೆದೆವು' ಅನ್ನೋ ಒಂದು ಪುಟ ಕಡ್ಡಾಯ ಮಾಡಿ, ಅದಕ್ಕೆ ಐದು ಮಾರ್ಕ್ಸ್ ಇಡಿ. ಫಲಿತಾಂಶ ಸೊನ್ನೆ ಬಂತು ಅಂತ ಮಾತ್ರ ಮಾರ್ಕ್ಸ್ ಕತ್ತರಿಸಬೇಡಿ. ಅಲ್ಲಿ ಕತ್ತರಿಸಿದರೆ ನಾವು ಮತ್ತೆ 30ಕ್ಕೇ ಬರ್ತೀವಿ.