ತರಬೇತಿಗೂ ಬೇಕು ಕತ್ತಿಯ ಪರೀಕ್ಷೆ



ಮಳೆಗಾಲ ಹಿಡಿಯುವ ಮೊದಲು ನಾವು ಅಡಿಕೆಗೆ ಬೋರ್ಡೋ ದ್ರಾವಣ ತಯಾರಿಸುತ್ತೇವೆ. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಆದರೆ ಬೆರೆಸಿದ ಕೂಡಲೇ ಸಿಂಪಡಿಸುವುದಿಲ್ಲ. ಹೊಳೆಯುವ ಕತ್ತಿಯನ್ನು ಅದ್ದಿ ನೋಡುತ್ತೇವೆ. ಅಲಗಿನ ಮೇಲೆ ತಾಮ್ರದ ಕೆಂಪು ಕಂಡರೆ ಸುಣ್ಣ ಸಾಲದು ಎಂದು ತಿಳಿದು ಮತ್ತಷ್ಟು ಸೇರಿಸುತ್ತೇವೆ. ಬಣ್ಣ ಚೆನ್ನಾಗಿದೆ ಎಂಬ ಮಾತಿಗೆ ತೋಟವನ್ನು ಒಪ್ಪಿಸುವುದಿಲ್ಲ.

ನಮ್ಮ ಸಭಾಭವನದ ತರಬೇತಿಗಳಲ್ಲಿ ಮಾತ್ರ ನಾವು ಬಣ್ಣವನ್ನಷ್ಟೇ ನೋಡುತ್ತಿದ್ದೇವೆ.

ಕಳೆದ ವರ್ಷ ವೈದ್ಯಕೀಯ ಗ್ರಂಥಾಲಯವೊಂದರ ಗ್ರಂಥಪಾಲಕರು ಬಂದು, ಆರೋಗ್ಯದ ಮಾಹಿತಿಯನ್ನು ಹುಡುಕುವ ಮತ್ತು ತೂಗಿನೋಡುವ ಕ್ರಮವನ್ನು ಕಲಿಸಿಕೊಟ್ಟರು. ಬರೆದವರು ಯಾರು, ಯಾವಾಗ ಬರೆದರು, ಏನನ್ನಾದರೂ ಮಾರಲು ಬರೆದರೇ ಎಂದು ಕೇಳಲು ಹೇಳಿದರು. ಕೊನೆಗೆ ಹಂಚಿದ ಚೀಟಿಗಳಲ್ಲಿ ಎಲ್ಲರೂ "ತುಂಬಾ ಉಪಯುಕ್ತ" ಎಂದೇ ಬರೆದರು. ನಾವೂ ಸಂತೋಷಪಟ್ಟೆವು. ಎರಡು ತಿಂಗಳಲ್ಲಿ ನಮ್ಮವರೇ ಆದ ಒಬ್ಬ ತಾಯಿ, ಮೊಬೈಲಿನಲ್ಲಿ ಬಂದ ಕಷಾಯದ ಸಂದೇಶವನ್ನು ನಂಬಿ, ಸಕ್ಕರೆ ಕಾಯಿಲೆಯ ಮಾತ್ರೆ ನಿಲ್ಲಿಸಿ ಆಸ್ಪತ್ರೆ ಸೇರಿದರು. ಆ ಸಂದೇಶವನ್ನು ಓದಿಹೇಳಿದ ಮಗ ತರಬೇತಿಯಲ್ಲಿ ಮುಂದಿನ ಸಾಲಿನಲ್ಲೇ ಕುಳಿತಿದ್ದರು.

ತಪ್ಪು ಅವರದಲ್ಲ. ಕಲಿತರೋ ಇಲ್ಲವೋ ಎಂದು ನಾವು ನೋಡಲೇ ಇಲ್ಲ.

ಈ ಕೊರತೆ ನಮ್ಮೊಬ್ಬರದಲ್ಲ. ಇಂತಹ ತರಬೇತಿಗಳ ಕುರಿತ ಅಧ್ಯಯನಗಳನ್ನು ಬ್ರಿಟನ್ನಿನ ಆಲಿಸನ್ ಬ್ರೆಟ್ಲ್ 2003ರಲ್ಲಿ ಒಟ್ಟಾಗಿ ಪರಿಶೀಲಿಸಿದರು. ತರಬೇತಿಯಿಂದ ಕೌಶಲ ಹೆಚ್ಚುತ್ತದೆ, ರೋಗಿಗೆ ಪ್ರಯೋಜನವಾಗುತ್ತದೆ ಎಂಬುದಕ್ಕೆ ಅವರಿಗೆ ಸಿಕ್ಕಿದ ಆಧಾರ ಸೀಮಿತವಾಗಿತ್ತು. ಅಮೆರಿಕದ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಲ್ಲೇ ನಾಲ್ಕು ಮೆಟ್ಟಿಲು ತೋರಿಸಿದ್ದರು: ಮೆಚ್ಚಿದರೇ, ಕಲಿತರೇ, ನಡೆಯಲ್ಲಿ ತಂದರೇ, ಫಲ ದೊರೆಯಿತೇ. ನಮ್ಮ ಚೀಟಿ ಮೊದಲ ಮೆಟ್ಟಿಲಲ್ಲೇ ನಿಂತಿದೆ.

ಮಾಹಿತಿ ಸಕಾಲದಲ್ಲಿ ಕೈಸೇರದಿದ್ದರೆ ತೆರಬೇಕಾದ ಬೆಲೆಯನ್ನು ಕಾಸರಗೋಡಿನವರಿಗೆ ಹೇಳಬೇಕಾಗಿಲ್ಲ. ಗೇರು ತೋಟಗಳ ಮೇಲೆ 2000ದವರೆಗೂ ಎಂಡೋಸಲ್ಫಾನ್ ಆಕಾಶದಿಂದ ಸುರಿಯಿತು. ಸುಪ್ರೀಂ ಕೋರ್ಟಿನ ತಡೆ ಬಂದದ್ದು 2011ರಲ್ಲಿ.

ಆದುದರಿಂದ ಮುಂದಿನ ತರಬೇತಿಗೆ ನಮ್ಮ ಸಲಹೆ ಇದು. ಆರಂಭದಲ್ಲಿ ಒಂದು ಕೀಟನಾಶಕದ ಲೇಬಲನ್ನೂ ಮೊಬೈಲಿನ ಒಂದು ಸಂದೇಶವನ್ನೂ ಕೈಗೆ ಕೊಡೋಣ. ಲೇಬಲಿನ ಬಣ್ಣದ ಗುರುತು ಏನು ಹೇಳುತ್ತದೆ? ಕೆಂಪು ಅತಿ ಘೋರ ವಿಷ. ಹಳದಿ, ನೀಲಿ, ಹಸಿರು ಕ್ರಮವಾಗಿ ಕಡಿಮೆ. ಆದರೆ ಹಸಿರೆಂದರೆ ನಿರಪಾಯವೆಂದಲ್ಲ. ವಿಷವೇರಿದರೆ ಏನು ಮಾಡಬೇಕೆಂದು ಎಲ್ಲಿ ಬರೆದಿದೆ? ಸಂದೇಶ ನಿಜವೇ ಎಂದು ಯಾರಲ್ಲಿ ವಿಚಾರಿಸುತ್ತೀರಿ? ತರಬೇತಿ ಮುಗಿದ ಮೇಲೂ, ಮೂರು ತಿಂಗಳ ನಂತರವೂ ಇಂತಹದೇ ಪ್ರಶ್ನೆಗಳನ್ನು ಕೇಳೋಣ. ಅರ್ಧ ವಾಳೆಗಳಿಗೆ ಮೊದಲು, ಉಳಿದವಕ್ಕೆ ನಂತರ ತರಬೇತಿ ಕೊಟ್ಟರೆ ಎರಡನ್ನೂ ಹೋಲಿಸಿ ನೋಡಬಹುದು.

ಹಿರಿಯರಿಗೆ ಪರೀಕ್ಷೆಯಿಟ್ಟು ಅವಮಾನಿಸುವುದೇ ಎಂದು ಕೆಲವು ಗುರಿಕಾರರು ಕೇಳಿದ್ದಾರೆ. ಓದುಬಾರದವರಿಗೆ ಬಾಯಿಮಾತಿನಲ್ಲೇ ಕೇಳೋಣ. ಚೀಟಿಯಲ್ಲಿ ಹೆಸರು ಬೇಡ. ಕತ್ತಿ ಅದ್ದುವುದು ದ್ರಾವಣವನ್ನು ತಿಳಿಯಲು, ತೋಟವನ್ನು ದೂರಲು ಅಲ್ಲ. ಉತ್ತರ ತಪ್ಪಿದರೆ ಕಲಿಸಿದವರೂ ಕರೆಸಿದ ನಾವೂ ಸುಣ್ಣ ಹೆಚ್ಚಿಸಬೇಕು.

ಬಿತ್ತುವವನ ಸಾಮತಿಯನ್ನು ನಾವು ಎಷ್ಟೋ ಸಲ ಕೇಳಿದ್ದೇವೆ. ಬೀಜ ಎಲ್ಲಿ ಬಿದ್ದಿತೆಂದು ಹೋಗಿ ನೋಡುವುದೂ ಕೃಷಿಕನ ಕೆಲಸವೇ.